ಎರಡು ಗಿಡ್ಡ, ಒಂದು ಉದ್ದ

ಎಪ್ಪತ್ತರ ದಶಕದಲ್ಲಿ ನಾನು ಬಿಜಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹಂಗಾಮಿ ಆಪರೇಟರ್ ಆಗಿದ್ದೆ. ನಮ್ಮಲ್ಲಿಂದ ಹೊರಟ ಒಂದೇ ತಂತಿ ಮುಂದೆ ಕವಲೊಡೆದು ತಿಕೋಟಾ, ಬಬಲೇಶ್ವರಗಳ ಅಂಚೆ ಕಚೇರಿಗಳಿಗೆ ಹೋಗುತ್ತಿತ್ತು. ಯಾರು ಫೋನಿನ ಪಕ್ಕದ ಹಿಡಿಕೆ ತಿರುವಿದರೂ ಉಳಿದ ಎರಡೂ ಕಡೆ ಗಂಟೆ ಬಡಿಯುತ್ತಿತ್ತು. ಕರೆದವರು ಯಾರು, ಯಾವ ಊರಿನಿಂದ ಎಂದು ಕೂಗಾಡುವುದರಲ್ಲೇ ಅರ್ಧ ಹೊತ್ತು ಹಾಳು. ಅದಕ್ಕೆ ನಾನೇ ಒಂದು ಗುರುತು ಮಾಡಿದೆ. ಎರಡು ಗಿಡ್ಡ ತಿರುವು, ಒಂದು ಉದ್ದ ತಿರುವು ಬಂದರೆ ಬಿಜಾಪುರ. ಬರೀ ಉದ್ದ ಒಂದೇ ಬಂದರೆ ಆ ಎರಡು ಊರಿನವರೇ ಪರಸ್ಪರ ಕರೆಯುತ್ತಿದ್ದಾರೆ ಎಂದು.

ಬಬಲೇಶ್ವರದಲ್ಲಿ ಒಂದು ದಿನವೂ ತಪ್ಪಲಿಲ್ಲ. ತಿಕೋಟಾದ ಪೋಸ್ಟ್ ಮಾಸ್ತರರಿಗೆ ಮಾತ್ರ ಉದ್ದದ್ದೊಂದೇ ಕೇಳುತ್ತಿತ್ತು. ಬಬಲೇಶ್ವರದವರೆಂದು ತಿಳಿದು ಫೋನ್ ಎತ್ತಿ, ನನ್ನ ದನಿ ಕೇಳಿದೊಡನೆ ಬೈಯುತ್ತಿದ್ದರು. ಕಡೆಗೆ ನಮ್ಮ ಸಾಹೇಬರಿಗೇ ಹೇಳಿದರು: "ಆ ಬಾಯಾರ ಕೈಯಾಗ ಕಸುವಿಲ್ರಿ. ಹೆಣ್ಮಕ್ಕಳಿಗಿ ಯಾಕ ಬೇಕ್ರಿ ಈ ಕೆಲಸ?"

ಸಾಹೇಬರಿಗೂ ಅಷ್ಟೇ ಬೇಕಾಗಿತ್ತು. ಸರಿಹೋಗದಿದ್ದರೆ ಸ್ವಿಚ್‌ಬೋರ್ಡಿನಿಂದ ಎಬ್ಬಿಸಿ ಬಿಲ್ಲಿನ ಕೋಣೆಗೆ ಕಳಿಸುತ್ತೇನೆ ಎಂದರು. ಬೋರ್ಡಿನ ಮುಂದೆ ಕೂರಲೆಂದೇ ನಾನು ಮನೆಯವರೊಂದಿಗೆಲ್ಲ ಜಗಳಾಡಿ ಈ ನೌಕರಿಗೆ ಬಂದಿದ್ದೆ.

ಜೋರಾಗಿ ತಿರುವಿದೆ, ನಿಧಾನವಾಗಿ ತಿರುವಿದೆ, ಅಂಗೈಯಲ್ಲಿ ಬೊಬ್ಬೆ ಎದ್ದಿತು. ಪಕ್ಕದ ಗಂಡಸು ಆಪರೇಟರನಿಂದ ತಿರುವಿಸಿದೆ. ತಿಕೋಟಾದಲ್ಲಿ ಆಗಲೂ ಅದೇ ಕಥೆ, ಆದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಲೈನ್‌ಮನ್ ತಿಕೋಟಾ ದಾರಿಯಲ್ಲಿ ತೊರವಿಯಾಚೆಯ ಕಂಬಗಳನ್ನೆಲ್ಲ ನೋಡಿ ಬಂದು ತಂತಿ ಸರಿಯಿದೆ ಎಂದ. ಸಿಟ್ಟಿನಲ್ಲಿ ರವಿವಾರ ನಾನೇ ಬಸ್ಸು ಹತ್ತಿದೆ.

ತಿಕೋಟಾದ ಅಂಚೆ ಕಚೇರಿ ಎಂದರೆ ಮಾಸ್ತರರ ಮನೆಯ ಮುಂದಿನ ಕೋಣೆ. ಒಳಗೆ ಮಗಳ ಬಾಣಂತನ ನಡೆದಿತ್ತು. ಗೋಡೆಯ ಮೇಲಿನ ಫೋನಿನ ಗಂಟೆಗೆ ಕೂಸಿನ ತಲೆಗೆ ಕಟ್ಟುವ ಕುಂಚಿಗೆ ತೊಡಿಸಿ, ಕಸೆ ಬಿಗಿದು ಕಟ್ಟಿದ್ದರು! ಗಿಡ್ಡ ತಿರುವಿನ ಸದ್ದು ಆ ದಪ್ಪ ಬಟ್ಟೆಯಲ್ಲೇ ಅಡಗಿಹೋಗುತ್ತಿತ್ತು.

"ಕೂಸು ಬೆಚ್ಚಿ ಬೀಳತೈತ್ರಿ" ಎಂದರು ಮಾಸ್ತರರು, ಒಂದಿಷ್ಟೂ ನಾಚಿಕೆಯಿಲ್ಲದೆ.

"ಗಂಟಿಗಿ ಕುಂಚಿಗಿ ಕಟ್ಟಿ, ನನ್ನ ಕೈಯಾಗ ಕಸುವಿಲ್ಲ ಅಂದ್ರೇನ್ರಿ?"

"ಬಾಣಂತಿ ಮನ್ಯಾಗ ದನಿ ಏರಸಬ್ಯಾಡ್ರಿ, ಬಾಯಾರ."

ಅವರ ಹೆಂಡತಿ ಬಾಣಂತಿಗೆಂದು ಮಾಡಿದ ಅಂಟಿನ ಉಂಡೆ ಕೈಗಿಟ್ಟರು. ಬೇಡವೆಂದರೆ ಕೂಸಿಗೆ ಕೆಡುಕು ಬಯಸಿದಂತಾಗುತ್ತದೆ. ನುಂಗಿಕೊಂಡು ಬಂದೆ.

ಸಾಹೇಬರು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಫೀಸಿಗೆಲ್ಲ ಹೇಳಿ ನಗಿಸಿದರು. "ಬಾಣಂತಿ ಮನಿಯವರಿಗಿ ಹೆಂಗ ಹೇಳೂದ್ರಿ?" ಎಂದರು. ಕುಂಚಿಗೆ ತೆಗೆಸುವುದಕ್ಕಿಂತ ನನ್ನನ್ನು ತೆಗೆಯುವುದೇ ಅವರಿಗೆ ಸುಲಭವಾಯಿತು. ಮರುದಿನವೇ ನಾನು ಬಿಲ್ಲಿನ ಕೋಣೆಯಲ್ಲಿದ್ದೆ.

ಕೆಲವು ತಿಂಗಳಿಗೆ ಬಾಣಂತಿ ಕೂಸನ್ನೆತ್ತಿಕೊಂಡು, ಕುಂಚಿಗೆಯನ್ನೂ ಬಿಚ್ಚಿಕೊಂಡು ಗಂಡನ ಮನೆಗೆ ಹೋದಳಂತೆ. ಆ ವಾರ ನನ್ನ ಜಾಗದಲ್ಲಿ ಕೂತಿದ್ದ ಗಂಡಸು, ನಾನು ಮಾಡಿದ್ದ ಗುರುತನ್ನೇ ತಿರುವಿದ. ತಿಕೋಟಾ ತಕ್ಷಣ "ಹೇಳ್ರಿ ಬಿಜಾಪುರ" ಎಂದಿತು. ಸಾಹೇಬರು ನನ್ನ ಕೋಣೆಗೂ ಕೇಳುವಂತೆ ಕೂಗಿದರು: "ನೋಡ್ರಿ, ಗಂಡಸಿನ ಕೈ ಅಂದ್ರ ಹಿಂಗ!"

ಅಲ್ಲಿದ್ದವರಿಗೆಲ್ಲ ನಿಜ ಏನೆಂದು ಗೊತ್ತಿತ್ತು. ಹೌದ್ರಿ ಸಾಹೇಬ್ರ, ಎಂದರು.