ಹಾರ್ನಪ್ಪನ ಕಿವಿ

ಕಾರುಗಳ ವೈರಿಂಗ್ ರಿಪೇರಿ ಮಾಡುವ ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಬೀದಿಗೆಲ್ಲ ಅವನು ಹಾರ್ನಪ್ಪ. ಕರೆಂಟ್ ಅಳೆಯುವ ಮೀಟರನ್ನು ಅವನು ಕೈಗೆತ್ತಿಕೊಳ್ಳುತ್ತಿದ್ದದ್ದು ಗಿರಾಕಿಯ ಸಮಾಧಾನಕ್ಕೆ ಮಾತ್ರ. ಬಾನೆಟ್ ಎತ್ತಿ, ಹಾರ್ನಿಗೆ ಕೆನ್ನೆ ತಾಗುವಷ್ಟು ಬಗ್ಗಿ, ಒತ್ತಿ ಎನ್ನುತ್ತಿದ್ದ. ಸದ್ದು ಕೇಳಿಯೇ ಇದು ರಿಲೇ, ಇದು ತುಕ್ಕು, ಇದು ಅರ್ಥ್ ಸರಿಯಿಲ್ಲ ಎಂದು ಹೇಳಿಬಿಡುತ್ತಿದ್ದ. ಅರ್ಥ್ ಕೆಟ್ಟರೆ ಅನರ್ಥ ಎನ್ನುವುದು ಅವನ ಖಾಯಂ ಜೋಕು. ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ತುಳಿಯುವ ಹೆಂಡತಿ ಮದುವೆಯಾದಾಗಿನಿಂದ ಅದಕ್ಕೆ ನಕ್ಕಿಲ್ಲ.

ಹಾರ್ನಿಗೆ ಕೆನ್ನೆ ಕೊಟ್ಟವನ ಕಿವಿ ಎಷ್ಟು ವರ್ಷ ತಾಳೀತು? ಹೆಂಡತಿ ಕರೆದರೆ ತಿರುಗುವುದು ನಿಂತಿತು. ಗಂಡಂದಿರಿಗೆಲ್ಲ ಬರುವ ಕಾಯಿಲೆಯೇ ಇರಬೇಕೆಂದು ಅವಳೂ ತಲೆಕೆಡಿಸಿಕೊಳ್ಳಲಿಲ್ಲ. ಅವನಿಗೋ, ಈಚಿನ ಹಾರ್ನುಗಳೇ ಸಪ್ಪೆ ಅನ್ನಿಸುತ್ತಿತ್ತು. ತಯಾರಿಸುವವರಿಗೆ ನಿಯತ್ತಿಲ್ಲ ಎಂದು ಬೈದುಕೊಳ್ಳುತ್ತಿದ್ದ.

ಅಂಥ ದಿನಗಳಲ್ಲೇ ಹಾಡು ಕಲಿಸುವ ಮೇಡಂ ಕಾರು ತಂದರು. ಹಾರ್ನು ಮನಸ್ಸು ಬಂದಾಗ ಕೂಗುತ್ತದೆ, ಇಲ್ಲದಿದ್ದರೆ ಮೌನವ್ರತ. ಸಡಿಲಾಗಿದ್ದ ವೈರು ಬಿಗಿದ ಕೂಡಲೇ ಅದು ಸರಿಹೋಗಿತ್ತು. ಆದರೆ ಅವನ ಕಿವಿಗೆ ಸಾಲಲಿಲ್ಲ. ಹಾರ್ನಿನ ಹಿಂದಿನ ಸ್ಕ್ರೂ ತಿರುಗಿಸಿದ, ದಪ್ಪ ವೈರು ಎಳೆದ, ಹಾರ್ನಿಗೆ ಹೆಚ್ಚು ಕರೆಂಟ್ ಹಾಯಿಸಲು ಡ್ಯಾಶ್‌ಬೋರ್ಡಿನ ಕೆಳಗೆ ಹೊಸ ರಿಲೇ ಕೂರಿಸಿ ಅದರ ಅರ್ಥ್ ವೈರನ್ನು ಸ್ಟೀರಿಯೊದ ಅರ್ಥ್ ಬೋಲ್ಟಿಗೇ ಸಿಕ್ಕಿಸಿದ. ತನ್ನ ಕಿವಿಯ ರಿಪೇರಿಯನ್ನು ಅವರ ಕಾರಿನಲ್ಲಿ ಮಾಡಿ ಕಳಿಸಿದ.

ಮೇಡಂ ತಿರುಗಿ ಬಂದರು. ಹಾರ್ನು ಹೊಡೆದರೆ ಮುಂದೆ ಹೋಗುವವರು ಫುಟ್‌ಪಾತಿಗೆ ಹಾರುತ್ತಾರಂತೆ. ಅದಕ್ಕಿಂತ ಕಷ್ಟವೆಂದರೆ, ಎಂಜಿನ್ ಓಡುವಾಗ ಸ್ಟೀರಿಯೊದಲ್ಲಿ ಕುಂಯ್ ಎಂಬ ಸದ್ದು. ಮಕ್ಕಳು ಹಾಡಿದ್ದನ್ನು ರೆಕಾರ್ಡ್ ಮಾಡಿಕೊಂಡು, ಯಾರ ಶ್ರುತಿ ಎಲ್ಲಿ ಜಾರಿತೆಂದು ಅವರು ಕಾರಿನಲ್ಲೇ ಕೇಳುವುದು.

ಹಾರ್ನಪ್ಪ ಸೀಟುಗಳ ನಡುವೆ ತಲೆ ತೂರಿಸಿದ. ಹಾಡು ಗೋಡೆಯಾಚೆಯಿಂದ ಬಂದಂತೆ ಕೇಳಿಸಿತು. ಕುಂಯ್ ಮಾತ್ರ ಎಲ್ಲೂ ಇಲ್ಲ. ಹೂಂ, ಸಣ್ಣಗೆ ಇದೆ ಎಂದ. ಸಣ್ಣಗಾ, ಹಲ್ಲು ಜುಮ್ ಅಂತಿದೆಯಲ್ಲ ಎಂದರು ಮೇಡಂ. ಸ್ಟೀರಿಯೊದ ವೈರಿಗೆ ಸದ್ದು ಸೋಸುವ ಫಿಲ್ಟರೊಂದನ್ನು ಹಾಕಿದ. ಎಂದೂ ಕೇಳದ ಸದ್ದು ಹೋಗಲೆಂದು ಕಾದ.

"ಹೋಯ್ತು ನೋಡಿ" ಎಂದ ಕೊನೆಗೆ.

"ನಾನೀಗ ಆಕ್ಸಲರೇಟರ್ ಒತ್ತಿ ಹಿಡಿದಿದ್ದೀನಿ," ಎಂದರು ಮೇಡಂ. "ಅದು ಕಿರುಚ್ತಾ ಇದೆ."

ಹೊಲಿಗೆ ಮಷಿನ್ ನಿಂತಿತು. ಹೆಂಡತಿ ಕೊರಳಿನ ಟೇಪನ್ನೂ ತೆಗೆಯದೆ ಬಂದು ಹಿಂದಿನ ಸೀಟಿನಲ್ಲಿ ಕೂತಳು.

"ರೀ, ಇದು ನಿಮಗೆ ಕೇಳಿಸ್ತಾ ಇಲ್ವಾ?"

"ಯಾವುದು?"

ಅವಳು ಸ್ಟೀರಿಯೊದತ್ತ ಕಿವಿಗೊಟ್ಟಳು. ಅವನು ಒಂದೊಂದೇ ವೈರು ಅಲುಗಾಡಿಸುತ್ತ, ಕನ್ನಡಿಯಲ್ಲಿ ಅವಳ ಮುಖ ನೋಡುತ್ತ ಹೋದ. ಅರ್ಥ್ ಬೋಲ್ಟ್ ಮುಟ್ಟಿದಾಗ ಅವಳ ಹುಬ್ಬು ಸಡಿಲಿತು. ಹಾರ್ನಿನ ಅರ್ಥ್ ವೈರನ್ನು ಕಿತ್ತು ಬೇರೆ ಕಡೆ ಕೊಟ್ಟ. ಬೋಲ್ಟಿನಡಿಯ ಬಣ್ಣ ಕೆರೆದು ಸ್ಟೀರಿಯೊದ್ದನ್ನು ಗಟ್ಟಿಯಾಗಿ ಬಿಗಿದ. ಹೋಯ್ತು ಎಂದಳು ಅವಳು. ಅವನಿಗೆ ಮೊದಲು ಹೇಗಿತ್ತೋ ಈಗಲೂ ಹಾಗೇ ಇತ್ತು.

ಉಳಿದದ್ದು ಹಾರ್ನು. ಇನ್ನೂ ಸ್ವಲ್ಪ ಕಮ್ಮಿ, ಇನ್ನೂ ಸ್ವಲ್ಪ ಎಂದರು ಇಬ್ಬರೂ. ಅವನು ಸ್ಕ್ರೂ ತಿರುಗಿಸಿದಂತೆಲ್ಲ ಸದ್ದು ಅವನ ಕಿವಿಯಿಂದ ದೂರ ಸರಿದು ಪಕ್ಕದ ಬೀದಿಗೆ, ಅಲ್ಲಿಂದ ಊರಾಚೆಗೆ ಹೊರಟಿತು. ಸಾಕು, ಈಗ ಸರಿಯಾಗಿದೆ ಎಂದಳು ಹೆಂಡತಿ. ಅವನಿಗೆ ನಂಬಿಕೆ ಬರಲಿಲ್ಲ. ದಾರಿಹೋಕರಿಗೆ ಕೇಳಿಸಬೇಡವೇ ಎಂದು ಲಾರಿಗಳ ನಡುವೆ ನುಸುಳಿ ಎದುರಿನ ಫುಟ್‌ಪಾತಿಗೆ ಹೋಗಿ ನಿಂತ.

ಅವನ ಅಕ್ಕಪಕ್ಕ ನಡೆಯುತ್ತಿದ್ದವರೆಲ್ಲ ಕಾರಿನ ಕಡೆ ತಿರುಗಿ ನೋಡಿದರು. ಅವನೊಬ್ಬ ಮಾತ್ರ ಕೈಯೆತ್ತಿ, ಒತ್ತಿ, ಒತ್ತಿ ಎಂದು ಸನ್ನೆ ಮಾಡುತ್ತಲೇ ಇದ್ದ.