ಗೋಲ್ ಕಂಬದ ಹಿಂದೆ ಗಿರಿಜತ್ತೆ

ಮೊನ್ನೆ ಮಧುಗಿರಿ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಒಣಗಿ ಸೆಟೆದುಕೊಂಡ ಚರ್ಮದ ಪಟ್ಟಿಗೆ ಬಟ್ಟೆಯ ಚೂರಿನಿಂದ ಹರಳೆಣ್ಣೆ ಸವರುತ್ತಿದ್ದರು. ಚರ್ಮ, ಎಣ್ಣೆ, ಬಿಸಿಲಿಗೆ ಕಾದ ಮಣ್ಣು ಸೇರಿದ ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಹತ್ತಬೇಕಿದ್ದ ಕೊರಟಗೆರೆ ಬಸ್ಸು ಹೊರಟುಹೋದರೂ ಅಲ್ಲೇ ನಿಂತುಬಿಟ್ಟೆ. ಅದು ನಮ್ಮ ಗಿರಿಜತ್ತೆಯ ಅಂಗೈಯ ವಾಸನೆ. ಅಪ್ಪನ ತಂಗಿ ಅವಳು, ಆ ಮನೆಯ ಕೊನೆಯ ಮಗಳು. ಆಗಿನ ಫುಟ್‌ಬಾಲು ಚರ್ಮದ್ದು, ಬಿರಿಯದಿರಲಿ ಅಂತ ಹುಡುಗರು ಅದಕ್ಕೆ ಹರಳೆಣ್ಣೆ ತಿಕ್ಕುತ್ತಿದ್ದರು. ಭಾನುವಾರ ಸಂಜೆ ಬೆಟ್ಟದ ಬುಡದ ಮೈದಾನದಿಂದ ಅತ್ತೆ ಮನೆಗೆ ಬಂದರೆ, ನಮ್ಮಜ್ಜಿ ಅವಳ ಕೈ ಹಿಡಿದೆಳೆದು, ಹಾಲು ಒಡೆದಿದೆಯೋ ಇಲ್ಲವೋ ಅಂತ ನೋಡುವಾಗಿನ ಮುಖ ಮಾಡಿಕೊಂಡು ಮೂಸುತ್ತಿದ್ದಳು.

"ಇದ್ಯಾವ ವಾಸ್ನೆನೇ? ಯಾರ ಕೈ ಮುಟ್ಟಿದ್ದೆ?"

"ಚೆಂಡಿಂದು ಕಣವ್ವ. ಗೋಲ್ ಕಂಬ ದಾಟಿ ಬಂತು, ಎತ್ತಿ ಎಸ್ದೆ."

ಅಜ್ಜಿ ಕೈ ಬಿಡುತ್ತಿದ್ದಳೇ ಹೊರತು ಅನುಮಾನ ಬಿಡುತ್ತಿರಲಿಲ್ಲ.

ಅನುಮಾನ ನಮ್ಮ ಮನೆಯಲ್ಲಿ ಬೂದಿ ಮುಚ್ಚಿದ ಒಲೆಯ ಹಾಗೆ ಯಾವಾಗಲೂ ಬಿಸಿಯಾಗಿರುತ್ತಿತ್ತು. ನಮ್ಮದು ಹುಣಸೆಹಣ್ಣಿನ ವ್ಯಾಪಾರ. ಹಳ್ಳಿಯಿಂದ ಮೂಟೆ ಬಂದರೆ ಮೇಲಿನ ಹಣ್ಣು ನೋಡಿ ಬೆಲೆ ಹೇಳುವ ಜನ ಬೇರೆ. ನಮ್ಮ ತಾತ ಮೊಣಕೈವರೆಗೆ ಕೈ ಇಳಿಸಿ, ತಳದ ಹಣ್ಣನ್ನು ಕಿತ್ತು ತೆಗೆದು, ನೀರು ಚಿಮುಕಿಸಿದ್ದಾರೋ ಬೀಜ ಉಳಿಸಿದ್ದಾರೋ ಅಂತ ಹಿಂಡಿ ನೋಡಿದ ಮೇಲೇ ಮೂಟೆ ತಂದವನಿಗೆ ಕೂತ್ಕೋ ಅನ್ನುತ್ತಿದ್ದ. ಆ ಅಭ್ಯಾಸ ಅಂಗಡಿಯಿಂದ ನಡುಮನೆಗೂ ನಡೆದು ಬಂತು. ಹಾಲಿನವನ ಚೊಂಬಿಗೆ ಬೆರಳು ಅದ್ದುವುದು, ಕಂಡಕ್ಟರು ಕೊಟ್ಟ ಟಿಕೇಟನ್ನು ಬೆಳಕಿಗೆ ಹಿಡಿಯುವುದು, ನೆಂಟರು ಬಂದರೆ ಅವರಿನ್ನೂ ಕಾಲು ತೊಳೆಯುತ್ತಿರುವಾಗಲೇ ಅಡುಗೆಮನೆಯಲ್ಲಿ "ಯಾಕ್ ಬಂದವ್ರೆ?" ಅಂತ ಪಿಸುಗುಟ್ಟುವುದು. ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತ ತಾತ ನಡುನಡುವೆ ಒಂದು ಕಣ್ಣು ಮಾತ್ರ ತೆರೆದು ಅಂಗಡಿಯ ಬಾಗಿಲ ಕಡೆ ನೋಡುತ್ತಿದ್ದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದೆ. ಗೋಡೆ, ಕಂಬಳಿ, ನನ್ನ ಶಾಲೆಯ ಚೀಲ, ಎಲ್ಲಕ್ಕೂ ಹುಣಸೆಯ ಹುಳಿ ವಾಸನೆ ಹತ್ತಿತ್ತು. ಕೆಟ್ಟ ಜನ ಅಂದುಕೊಳ್ಳಬೇಡಿ. ಯಾರ ಮೇಲೆ ಅನುಮಾನವೋ ಆ ನೆಂಟರ ಎಲೆಗೇ ತುಪ್ಪ ಜಾಸ್ತಿ ಬೀಳುತ್ತಿತ್ತು. ನಿಮ್ಮ ಮನೆಯಲ್ಲೂ ಇಂಥವರು ಇದ್ದಿರಬೇಕು. ಈಗ ಅವರಿಲ್ಲ, ಅವರ ಕಾಟವೂ ಬೇಕಿತ್ತು ಅನಿಸುತ್ತದೆ, ಅಲ್ಲವೇ?

ಅಜ್ಜಿ ಒಂದೇ ಒಂದು ಜಾಗದಲ್ಲಿ ಕೇಳಿದ್ದನ್ನೆಲ್ಲ ನಂಬುತ್ತಿದ್ದಳು, ಅದು ಟಾಕೀಸು. ಹೊಸ ಸಿನಿಮಾ ಬಂದಿದೆ ಅಂತ ಜಟಕಾಗಾಡಿಯಲ್ಲಿ ಮೈಕು ಕೂಗಿಕೊಂಡು ಹೋದರೆ ಸಾಕು, ಅವತ್ತಿನ ಮ್ಯಾಟ್ನಿಗೆ ಅಜ್ಜಿ, ಗಿರಿಜತ್ತೆ, ನಾನು. ಹೆಂಗಸರ ಬೆಂಚಿನ ಮೇಲೆ ಕಾಲು ಮಡಿಚಿ ಕೂತು, ಪರದೆಯ ಮೇಲಿನ ಕೇಡಿಗನಿಗೆ "ನಿನ್ ಮನೆ ಹಾಳಾಗ" ಅಂತ ಗಟ್ಟಿಯಾಗಿ ಶಾಪ ಹಾಕಿ, ನಾಯಕಿ ಅತ್ತರೆ ತಾನೂ ಅತ್ತು ಸೆರಗು ಒದ್ದೆ ಮಾಡಿಕೊಳ್ಳುತ್ತಿದ್ದಳು. ಹೋದ ವಾರ ಸತ್ತವನು ಈ ವಾರ ಬೇರೆ ಸಿನಿಮಾದಲ್ಲಿ ತಾಳಿ ಕಟ್ಟುತ್ತಿದ್ದರೂ ಅವಳಿಗೆ ಅದೇನೂ ಅನಿಸುತ್ತಿರಲಿಲ್ಲ. ಗಿರಿಜತ್ತೆ ಇದಕ್ಕೆ ಉಲ್ಟಾ. ಹೊಡೆದಾಟ ಶುರುವಾದರೆ ನನ್ನ ಕಿವಿಯಲ್ಲಿ, "ಮುಖ ತೋರಿಸ್ತಿಲ್ಲ ನೋಡು, ಅದು ಡೂಪು" ಅನ್ನುತ್ತಿದ್ದಳು. ಒಮ್ಮೆ ಯಾವುದೋ ಸಿನಿಮಾದಲ್ಲಿ ನಾಯಕ ಕಾಲೇಜು ಮೈದಾನದಲ್ಲಿ ಫುಟ್‌ಬಾಲು ಆಡಿ, ಕೊನೆಯ ಗಳಿಗೆಯಲ್ಲಿ ಗೋಲು ಹೊಡೆದು, ಚಪ್ಪಾಳೆ ತಟ್ಟುತ್ತಿದ್ದ ನಾಯಕಿಯ ಕಡೆ ತಿರುಗಿ ನಕ್ಕ. ಟಾಕೀಸೆಲ್ಲ ಶಿಳ್ಳೆಯೋ ಶಿಳ್ಳೆ. ಅತ್ತೆ ಮಾತ್ರ, "ಆಫ್‌ಸೈಡು, ಈ ಗೋಲು ಲೆಕ್ಕಕ್ಕಿಲ್ಲ" ಅಂದಳು. ಅಜ್ಜಿಗೆ ಅದು ಕೇಳಿಸಲಿಲ್ಲ. ಅವಳು ಆ ನಾಯಕಿಯ ಮುಖವನ್ನೇ ನೋಡುತ್ತಿದ್ದವಳು ನಿಧಾನವಾಗಿ ತಿರುಗಿ ಮಗಳ ಮುಖ ನೋಡಿದಳು.

ಅತ್ತೆಗೆ ಈ ಆಟದ ಹುಚ್ಚು ಎಲ್ಲಿಂದ ಹತ್ತಿತೋ ಗೊತ್ತಿಲ್ಲ, ನನಗೆ ಮಾತ್ರ ಅವಳಿಂದಲೇ ಹತ್ತಿದ್ದು. ಸಿನಿಮಾ ಹುಚ್ಚು ಅಜ್ಜಿಯದು. ಇವತ್ತಿಗೂ ಎರಡನ್ನೂ ಬಿಟ್ಟಿಲ್ಲ. ಸಿನಿಮಾದಲ್ಲಿ ಗೋಲು ಬಿದ್ದರೆ ಅಳುತ್ತೇನೆ, ನಿಜವಾದ ಆಟದಲ್ಲಿ ಗೋಲು ಬಿದ್ದರೆ ರೆಫ್ರಿಯ ಮೇಲೆ ಅನುಮಾನಪಡುತ್ತೇನೆ. ಆಗ ಭಾನುವಾರ ಭಾನುವಾರ ಸಿರಾದಿಂದಲೋ ಪಾವಗಡದಿಂದಲೋ ಕೊರಟಗೆರೆಯಿಂದಲೋ ಹುಡುಗರು ಲಾರಿ ಹತ್ತಿ ಆಡಲು ಬರುತ್ತಿದ್ದರು. ಹಗಲೆಲ್ಲ ಬಿಸಿಲು ಕುಡಿದ ಬೋಳು ಬಂಡೆಯ ಬೆಟ್ಟ ಸಂಜೆಗೆ ನಮ್ಮ ಬೆನ್ನ ಮೇಲೆ ಉಸಿರು ಬಿಡುತ್ತಿತ್ತು. ಗೋಲಿಗೆ ನೀಲಗಿರಿ ಮರದ ಕಂಬ, ಬಲೆ ಇಲ್ಲ. ನನ್ನನ್ನು ಜೊತೆಗೆ ಕರೆದುಕೊಂಡರೆ ಮಾತ್ರ ಹೋಗಬಹುದು ಅಂತ ತಾತನ ಕಟ್ಟಪ್ಪಣೆ. ಅತ್ತೆ ಯಾವಾಗಲೂ ಎದುರಾಳಿಗಳ ಗೋಲಿನ ಹಿಂದೆ ಕೂರುತ್ತಿದ್ದಳು. "ನಮ್ಮೋರು ಹೊಡ್ಯೋ ಗೋಲು ನಮ್ ಕಣ್ಮುಂದೇನೇ ಬೀಳ್ಬೇಕು ಕಣೆ." ಅರ್ಧ ಆಟ ಮುಗಿದು ಎರಡೂ ಕಡೆಯವರು ಜಾಗ ಅದಲುಬದಲು ಮಾಡಿಕೊಂಡಾಗ, ಅವಳು ಲಂಗ ಕೊಡವಿಕೊಂಡು ಎದ್ದು, ನನ್ನ ಕೈ ಹಿಡಿದು, ಮೈದಾನದ ಆ ತುದಿಗೆ ಹೋಗಿ ಮತ್ತೆ ಎದುರಾಳಿಗಳ ಗೋಲಿನ ಹಿಂದೆಯೇ ಕೂರುವಳು. ನಮಗೆ ಬೆನ್ನು ಹಾಕಿ ನಿಂತಿರುತ್ತಿದ್ದ ಗೋಲ್‌ಕೀಪರು, ಹಾಗಾಗಿ, ಯಾವಾಗಲೂ ಪರ ಊರಿನವನೇ.

ಸಿರಾದವರು ಬಂದ ಒಂದು ಭಾನುವಾರ ಅಜ್ಜಿ ನಮ್ಮ ಹಿಂದೆಯೇ ಬಂದಿದ್ದಳು. ನಮಗೆ ಗೊತ್ತಿರಲಿಲ್ಲ. ಮೈದಾನದ ಅಂಚಿನ ಹೊಂಗೆಮರದ ಕೆಳಗೆ ಕೊಡೆ ಅಡ್ಡ ಹಿಡಿದು, ಎಲೆಅಡಿಕೆ ಜಗಿಯುತ್ತ ಕೂತು ನೋಡಿದಳಂತೆ. ಸಿರಾದ ಗೋಲ್‌ಕೀಪರು ಹಳದಿ ಅಂಗಿಯ, ಉದ್ದ ಕಾಲಿನ ಹುಡುಗ. ಅವನ ಜೊತೆಯವರು ಉರ್ದುವಿನಲ್ಲಿ "ಛೋಡೋ ಛೋಡೋ" ಅಂತ ಕೂಗುತ್ತಿದ್ದರು. ಇಂಟರ್ವಲ್ ಸೀಟಿ ಊದಿದರು. ಹಳದಿ ಅಂಗಿಯವನು ತನ್ನ ಟವೆಲ್ಲು ಎತ್ತಿಕೊಂಡು ಆ ತುದಿಗೆ ನಡೆದ. ನಾವೂ ಎದ್ದು ಆ ತುದಿಗೆ ನಡೆದೆವು. ಎರಡೂ ಕಡೆ ಒಂದೊಂದು ಗೋಲು ಆಗಿತ್ತು. ಕೊನೆಗೊಮ್ಮೆ ನಮ್ಮವರಿಗೆ ಪೆನಾಲ್ಟಿ ಸಿಕ್ಕಿತು. ಚೆಂಡು ಇಟ್ಟರು. ಅತ್ತೆ ನನ್ನ ಬೆರಳುಗಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಉಗುರು ಬೆಳ್ಳಗಾಗಿತ್ತು. ಆಗ ಹಿಂದಿನಿಂದ ಬಂದ ಅಜ್ಜಿ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಸಿನಿಮಾ ಆಗಿದ್ದರೆ ಚೆಂಡು ಒಳಗೆ ಹೋಗುವವರೆಗೆ ಕಾಯುತ್ತಿದ್ದರು. ಅಜ್ಜಿ ಕಾಯಲಿಲ್ಲ. ನಾವು ರಸ್ತೆಗೆ ಕಾಲಿಡುವಷ್ಟರಲ್ಲಿ ಹಿಂದೆ ಜನ ಹೋ ಅಂತ ಕೂಗಿದರು. ಗೋಲಾಯಿತು ಅಂತ ಕೂಗಿದರೋ, ತಪ್ಪಿಹೋಯಿತು ಅಂತ ಕೂಗಿದರೋ. ಅತ್ತೆ ಕತ್ತು ಹೊರಳಿಸಿದಳು. ಅಜ್ಜಿ ಅವಳ ಗಲ್ಲ ಹಿಡಿದು ಮುಂದಕ್ಕೆ ತಿರುಗಿಸಿದಳು. "ನೋಡು, ಈಗ್ಲೂ ಅವನ್ನೇ ನೋಡ್ತವ್ಳೆ!"

ಮನೆಯಲ್ಲಿ ತಾತನ ಮುಂದೆ ವಿಚಾರಣೆ ಆಯಿತು. ಅಪ್ಪ ಕಂಬಕ್ಕೆ ಒರಗಿ ನಿಂತಿದ್ದ.

"ಆ ಹಳ್ದಿ ಅಂಗಿಯೋನು ಎದ್ದು ಆ ಕಡಿಕೋದ, ಇವ್ಳೂ ಎದ್ದು ಆ ಕಡಿಕೋದ್ಲು. ಕಣ್ಣಾರೆ ನೋಡ್ಬುಟ್ಟೆ," ಅಂದಳು ಅಜ್ಜಿ.

"ಇಂಟರ್ವಲ್ ಆದ್ಮೇಲೆ ಗೋಲು ಬದಲಾಯ್ತದೆ ಕಣವ್ವ!"

ತಾತ ಹುಬ್ಬು ಏರಿಸಿದ. "ನೆಲದಾಗೆ ಹೂತಿರೋ ಕಂಬ. ಅದೆಂಗಮ್ಮ ಬದಲಾಯ್ತದೆ?"

"ಕಂಬ ಅಲ್ಲ ಅಪ್ಪಾಜಿ, ಆಡೋರು. ಆ ಕಡೆಯೋರು ಈ ಕಡಿಕೆ, ಈ ಕಡೆಯೋರು ಆ ಕಡಿಕೆ."

"ಅಂದ್ರೆ ಇಷ್ಟೊತ್ತು ಕಾಯ್ಕೊಂಡಿದ್ದ ಗೋಲಿಗೆ ನಮ್ಮೋರೇ ಹೊಡೀತಾರಾ? ಯಾರಿಗ್ ಹೇಳ್ತೀಯಮ್ಮ?"

"ಟಾಕೀಸ್ನಾಗೆ ಇಂಟರ್ವಲ್ ಆದ್ಮೇಲೆ ಪರದೆ ನಮ್ ಬೆನ್ನಿಂದಕ್ಕೆ ಬತ್ತದಾ?" ಅಂದಳು ಅಜ್ಜಿ. ಅಲ್ಲಿಗೆ ಮುಗಿಯಿತು. ಅತ್ತೆಗೆ ಮೊದಲು ನಗು ಬಂತು. ನಕ್ಕದ್ದೇ ಇನ್ನೊಂದು ಸಾಕ್ಷಿಯಾಯಿತು. ಆಮೇಲೆ ಅಳು ಬಂತು, ಅದೂ ಸಾಕ್ಷಿಯಾಯಿತು.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಹೋದ ವಾರ ಕೊರಟಗೆರೆಯ ಬೊಕ್ಕತಲೆಯ ಕೀಪರ್ ಹಿಂದೆ ಕೂತಿದ್ದೆವು, ಅದರ ಹಿಂದಿನ ವಾರ ಪಾವಗಡದ ಡೊಳ್ಳುಹೊಟ್ಟೆಯವನ ಹಿಂದೆ. ಅಜ್ಜಿ ಇನ್ನೊಂದೇ ಒಂದು ಆಟ ನೋಡಿದ್ದರೂ ಅವಳ ಅನುಮಾನ ತಾನಾಗಿ ಉದುರಿಹೋಗುತ್ತಿತ್ತು. ಆದರೆ ನನಗೆ ಈಗ ಕಾಡುವ ಅನುಮಾನ ಬೇರೆಯದು. ಅಪ್ಪ ತುಮಕೂರಿನಲ್ಲಿ ಹೈಸ್ಕೂಲು ಓದಿದವನು. ಅಲ್ಲಿನ ಮೈದಾನದಲ್ಲಿ ಒಂದು ಆಟವನ್ನೂ ಪೂರ್ತಿ ನೋಡಿರಲಿಲ್ಲವೇ? ಪಾವಗಡದ ಗಂಡಿನ ಸಂಬಂಧ ಆಗಲೇ ಮಾತಿನಲ್ಲಿತ್ತು, ಅತ್ತೆ ಒಪ್ಪಿರಲಿಲ್ಲ. ಅವತ್ತು ಅಪ್ಪ ಬಾಯಿ ಬಿಟ್ಟು ಒಂದು ಮಾತು ಆಡಿದ್ದರೆ ಸಾಕಿತ್ತು. ಅವನು ಕಂಬಕ್ಕೆ ಒರಗಿಕೊಂಡು ತನ್ನ ಕಾಲಬೆರಳು ನೋಡುತ್ತಿದ್ದ. ಅವನು ಇರುವಷ್ಟು ದಿನವೂ ಈ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಕೇಳಲಿಲ್ಲ. ಆ ಹಳದಿ ಅಂಗಿಯವನ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅತ್ತೆಗೂ.

ಮದುವೆ ಬೇಗ ನಡೆದುಹೋಯಿತು. ಮಾವ ಒಳ್ಳೆಯವರು, ಪಾವಗಡದಲ್ಲಿ ಗೊಬ್ಬರದ ಅಂಗಡಿ. ಅತ್ತೆಯ ಮಾತಿಗೆ ನಿಧಾನಕ್ಕೆ ತೆಲುಗು ಬೆರೆಯಿತು, ಕೈಗೆ ಗೊಬ್ಬರದ ಚೀಲದ ವಾಸನೆ ಬಂತು. ಹಬ್ಬಕ್ಕೆ ಮಧುಗಿರಿಗೆ ಬಂದರೆ ಮೈದಾನದ ರಸ್ತೆ ಬಿಟ್ಟು ಸುತ್ತು ಹಾಕಿಕೊಂಡು ಬರುತ್ತಿದ್ದಳು. ಸಿನಿಮಾಕ್ಕೆ ಕರೆದರೆ ತಲೆನೋವು. ತಾತ ಹೋದ, ಅಪ್ಪ ಹೋದ, ಹುಣಸೆಯ ಅಂಗಡಿ ಇದ್ದ ಕಡೆ ಈಗ ಮೊಬೈಲ್ ರಿಪೇರಿಯವರು ಕೂತಿದ್ದಾರೆ. ಮಳೆ ಬಂದ ದಿನ ಆ ಗೋಡೆ ಇನ್ನೂ ಹುಳಿ ನಾರುತ್ತದಂತೆ. ನಂಬಲಾರದೆ ಒಮ್ಮೆ ನಾನೇ ಹೋಗಿ ಮೂಸಿ ಬಂದೆ. ನಾರುತ್ತದೆ.

ಅಜ್ಜಿ ಕೊನೆಯ ವರ್ಷಗಳಲ್ಲಿ ನನ್ನ ಜೊತೆಗಿದ್ದಳು. ಒಂದು ಸಂಜೆ ನಾನು ಟೀವಿಯಲ್ಲಿ ಯಾವುದೋ ದೊಡ್ಡ ಪಂದ್ಯ ನೋಡುತ್ತಿದ್ದೆ. ತನ್ನ ಸೀರಿಯಲ್ಲು ಶುರುವಾಗಲಿ ಅಂತ ಕಾಯುತ್ತ ಅಜ್ಜಿಯೂ ಪಕ್ಕದಲ್ಲಿ ಕೂತಿದ್ದಳು. ಅರ್ಧ ಆಟ ಮುಗಿದು ಆಡುವವರು ಮತ್ತೆ ಒಳಗೆ ಬಂದರು.

"ಲೇ ಪುಟ್ಟಿ, ಆ ಕೆಂಪಂಗಿಯೋರು ಆಗ್ಲೇ ಈ ಕಡೆ ಇದ್ರಲ್ಲ?"

"ಇಂಟರ್ವಲ್ ಆಯ್ತಲ್ಲಜ್ಜಿ. ಕಡೆ ಬದಲಾಯಿಸಿದ್ರು."

"ಗೋಲ್ ಕಾಯೋನೂನಾ?"

"ಅವನೂನೂ."

ಜಗಿಯುತ್ತಿದ್ದ ಬಾಯಿ ನಿಂತಿತು. "ಇದು ಈಗಿನ ರೂಲ್ಸ್ ಇರ್ಬೇಕು."

"ಇಲ್ಲಜ್ಜಿ. ಮೊದಲಿಂದ್ಲೂ ಇದೆ."

"ಟೀವಿಯೋರು ಉಲ್ಟಾ ತೋರಿಸ್ತಾರೇನೋ." ಎದ್ದು ಹತ್ತಿರ ಹೋಗಿ, ಗಾಜಿಗೆ ಕೈ ಇಟ್ಟು, ಅಲ್ಲೇ ಬಹಳ ಹೊತ್ತು ನಿಂತಿದ್ದಳು. ಸೀರಿಯಲ್ಲಿನ ಹೊತ್ತಾದರೂ ಚಾನೆಲ್ಲು ಬದಲಾಯಿಸು ಅನ್ನಲಿಲ್ಲ. ಆಮೇಲೆ, "ಗಿರಿಜಂಗೆ ಫೋನ್ ಮಾಡ್ಕೊಡು" ಅಂದಳು. ಮಾಡಿಕೊಟ್ಟೆ. ಅಜ್ಜಿ ಫೋನನ್ನು ಕಿವಿಗೆ ಒತ್ತಿಕೊಂಡು, ಉಂಡ್ಯಾ ಅಂತ ಕೇಳಿದಳು, ಅಲ್ಲಿ ಮಳೆ ಬಂತಾ ಅಂತ ಕೇಳಿದಳು, ಇನ್ನೇನೋ ಹೇಳಲು ಬಾಯಿ ತೆರೆದು, ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟಳು. ಮುಂದಿನ ಬೇಸಿಗೆಗೆ ಅವಳಿರಲಿಲ್ಲ.

ತಿಥಿ ಮುಗಿದ ಮೇಲೆ ಪಾವಗಡಕ್ಕೆ ಹೋಗಿ, ಹುರುಳಿಕಾಯಿ ಸೋಸುತ್ತಿದ್ದ ಅತ್ತೆಯ ಎದುರು ಕೂತು, ಅಜ್ಜಿಗೆ ಕೊನೆಗೂ ಗೊತ್ತಾಯಿತು ಅಂತ ಹೇಳಿದೆ. "ಸರ್ಲೇ" ಅಂದಳು ತೆಲುಗಿನಲ್ಲಿ, ಆಯಿತು ಬಿಡು ಅನ್ನುವ ಹಾಗೆ, ಅಷ್ಟೇ. ಆಕೆ ಅಳಬಹುದು, ಸಿಟ್ಟಾಗಬಹುದು ಅಂತ ನಾನು ಕಾದೆ. ಬುಟ್ಟಿ ಖಾಲಿಯಾದ ಮೇಲೆ, ತಲೆ ಎತ್ತದೆ ಕೇಳಿದಳು: "ಅವತ್ತು ಆ ಪೆನಾಲ್ಟಿ ಗೋಲಾಯ್ತಾ ಮಗಾ?"

ಇಷ್ಟು ವರ್ಷ ಅವಳು ಇದನ್ನು ಇಟ್ಟುಕೊಂಡಿದ್ದಳು. ಆಗ ಆಡಿದ ಒಬ್ಬರು ಮಧುಗಿರಿಯ ಟೀ ಅಂಗಡಿಯಲ್ಲಿ ಸಿಕ್ಕಿದರು. "ಹೊಡೆದಿದ್ದೇ ನಾನು, ಗೋಲು" ಅಂದರು. ಅವರು ಎದ್ದು ಹೋದ ಮೇಲೆ ಪಕ್ಕದಲ್ಲಿದ್ದವರು, "ಅವ್ನು ಅವತ್ತು ಆಡೇ ಇರ್ಲಿಲ್ಲ ಕಣಮ್ಮ" ಅಂದರು. ಸಿರಾದಲ್ಲಿ ವಿಚಾರಿಸಿದೆ. "ಅರೇ, ನಮ್ ಕೀಪರ್ ಹಿಡ್ದಿದ್ದಮ್ಮಾ, ಬಿಲ್ಕುಲ್ ಹಿಡ್ದಿದ್ದು" ಅಂತ ಒಬ್ಬರು ಎದೆ ತಟ್ಟಿಕೊಂಡರು. ಆ ಕೀಪರ್ ಹೆಸರೇನು ಅಂದರೆ ತಲೆ ಕೆರೆದುಕೊಂಡರು. ನಾನು ಹುಣಸೆ ಮಂಡಿಯವರ ಮೊಮ್ಮಗಳು, ಮೂವರನ್ನೂ ನಂಬಲಿಲ್ಲ. ಗೊತ್ತಿದ್ದವರು ಬೇರೆ ಯಾರೂ ಉಳಿದಿಲ್ಲ.

ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದ ಮೊನ್ನೆಯ ಸಂಜೆ ಅತ್ತೆಗೆ ಫೋನು ಮಾಡಿದೆ. "ಗೋಲಾಯ್ತಂತೆ ಅತ್ತೆ. ನಾವೇ ಗೆದ್ವಿ."

ಅತ್ತೆ ಕೇಳಿದಳು: "ಯಾವ ಕಡೆ ಹೊಡ್ದ?"

"ಬಲಗಡೆ ಮೂಲೆಗೆ."

"ಹೊಡ್ದೋನ ಬಲಕ್ಕೋ, ಹಿಂದೆ ಕೂತಿದ್ವಲ್ಲ, ನಮ್ ಬಲಕ್ಕೋ?"

ನಾನು ಗಾಳಿಯಲ್ಲಿ ಕೈ ಎತ್ತಿ ಎಡ ಬಲ ಲೆಕ್ಕ ಹಾಕತೊಡಗಿದೆ. ಅತ್ತೆ ಸಣ್ಣಗೆ ನಕ್ಕಳು. "ಸುಳ್ಳಿ ಕಣೆ ನೀನು," ಅಂದಳು. ಫೋನು ಇಡುತ್ತಾಳೆ ಅಂದುಕೊಂಡೆ. ಇಡಲಿಲ್ಲ.

"ಇನ್ನೊಂದ್ಸಲ ಹೇಳು. ನಿಧಾನಕ್ಕೆ ಹೇಳು."

ಕಣ್ಣು ಮುಚ್ಚಿಕೊಂಡು ಮೊದಲಿನಿಂದ ಹೇಳಿದೆ. ಚೆಂಡು ಇಟ್ಟಿದ್ದಾರೆ, ಅತ್ತೆ. ನನ್ನ ಬೆರಳು ನಿನ್ನ ಕೈಯಲ್ಲಿದೆ. ಅವನು ಓಡಿ ಬರುತ್ತಿದ್ದಾನೆ. ಅಜ್ಜಿ ಹೊಂಗೆಮರದ ಕೆಳಗೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದಾಳೆ, ಇನ್ನೂ ಎದ್ದಿಲ್ಲ.