ಮೇಲಿನ ಬಿರಡೆ ಮೊದಲು

ಅಕ್ಕ ಮದುವೆಯಾಗಿ ಹೋದ ಮೇಲೆಯೇ ತಂಗಿಗೆ ಗಾಡಿಯ ಸದ್ದು ಕೇಳಿಸಿದ್ದು. ಸದ್ದು ಮೊದಲಿನಿಂದಲೂ ಇತ್ತೇನೋ, ಯಾರಿಗೆ ಗೊತ್ತು. ಅಕ್ಕ ಪಕ್ಕದಲ್ಲಿ ಕೂತು ಅರಳು ಹುರಿದ ಹಾಗೆ ಮಾತಾಡುತ್ತಿದ್ದರೆ ಗಾಡಿಯ ಸದ್ದಿರಲಿ, ಹಿಂದಿನವನ ಹಾರ್ನೂ ಕಿವಿಗೆ ಬೀಳುತ್ತಿರಲಿಲ್ಲ.

ಮನೆ ಬದಲಾಯಿಸುವವರ ಸಾಮಾನು ಸಾಗಿಸುವುದು ಇಬ್ಬರ ಕಸುಬು. ಯಾರೋ ಓಡಿಸಿ ಸಾಕಾಗಿ ಮಾರಿದ ಹಳೇ ಪಿಕಪ್ಪು ಅವರದು. ಓಡಿಸುವವಳು ತಂಗಿ. ಹಗ್ಗ ಬಿಗಿಯುವುದು, ಗಿರಾಕಿಯ ಜೊತೆ ಜಗ್ಗಾಡುವುದು, ಕನ್ನಡಿ ಒಡೆದರೆ ಸಮಾಧಾನ ಹೇಳುವುದು ಎಲ್ಲಾ ಅಕ್ಕನ ಖಾತೆ. ತಂಗಿಗೆ ಮಾತು ಅಂದರೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಹೀಗೇ ಮುದುಕಿಯರಾಗುತ್ತೇವೆ ಅಂದುಕೊಂಡಿದ್ದಳು. ಅಷ್ಟರಲ್ಲಿ ಒಂದು ಬೀರು ಇಳಿಸಲು ಹೋದ ಮನೆಯಲ್ಲಿ, ಹೆಂಡತಿ ತೀರಿಕೊಂಡ ಗಡಿಯಾರ ರಿಪೇರಿಯವನೊಬ್ಬ ಅಕ್ಕನಿಗೆ ನೀರು ಕೊಟ್ಟ. ಆಮೇಲೆ ಫೋನು, ಆಮೇಲೆ ರುಜು ಹಾಕಿ ಮದುವೆ. ಅಕ್ಕನಿಗೆ ಆಗಲೇ ಐವತ್ತು ದಾಟಿತ್ತು.

"ಬೀರು ಇಳಿಸೋಕೆ ಹೋದವಳು ನೀನೇ ಇಳಿದುಬಿಟ್ಟೆಯಲ್ಲೇ" ಎಂದು ತಂಗಿ ನಕ್ಕಿದ್ದಳು. ಅಕ್ಕನ ಸಾಮಾನನ್ನು ಅದೇ ಗಾಡಿಯಲ್ಲಿ ತಾನೇ ಸಾಗಿಸಿ, ಇಳಿಸಿ, ಒಬ್ಬಳೇ ವಾಪಸು ಬರುವಾಗ ಹಿಂದಿನಿಂದ 'ಊಂ' ಎಂದು ಸಣ್ಣಗೆ ಅಳುವ ಸದ್ದು. ವೇಗ ಏರಿದರೆ ಏರುತ್ತಿತ್ತು, ಕಾಲು ತೆಗೆದರೆ ನಿಲ್ಲುತ್ತಿತ್ತು.

ಮೆಕ್ಯಾನಿಕ್ಕು ಗಾಡಿಯಡಿ ಬಗ್ಗಿ, ಹಿಂದಿನ ಆಕ್ಸಲಿನ ನಡುವೆ ಬಸುರಿ ಹೊಟ್ಟೆಯಂತೆ ಉಬ್ಬಿದ ಡಬ್ಬಿಯನ್ನು ತಟ್ಟಿದ. "ಡಿಫರೆನ್ಶಿಯಲ್ಲು, ಹಿಂದಿನ ಚಕ್ರ ತಿರುಗಿಸೋ ಗೇರಿನ ಡಬ್ಬಿ. ಒಳಗಿನ ಎಣ್ಣೆ ಯಾವ ಕಾಲದ್ದೋ. ಬಿಟ್ಟು ಹೋಗಿ, ಬದಲಾಯಿಸಿ ಕೊಡ್ತೀನಿ."

"ನಾನೇ ಮಾಡ್ಕೋತೀನಿ" ಅಂದಳು. ಬೇರೇನೂ ಅಲ್ಲ, ಭಾನುವಾರ ಅನ್ನುವುದು ಅವಳಿಗೆ ಮುಗಿಯದ ಸುರಂಗವಾಗಿತ್ತು. ಅಕ್ಕ ಖಾಲಿ ಮಾಡಿದ ಕಪಾಟಿನ ಅರ್ಧಕ್ಕೆ ತನ್ನ ಬಟ್ಟೆಯನ್ನೆಲ್ಲ ಹರಡಿಟ್ಟರೂ ಅದು ತುಂಬಿರಲಿಲ್ಲ. ಮೆಕ್ಯಾನಿಕ್ಕು ಏನೇನೋ ವಿವರಿಸಿದ. ತಂಗಿ ತಲೆಯಾಡಿಸಿದಳು. ಹೇಳಿದ್ದನ್ನು ಕಿವಿಗೊಟ್ಟು ಕೇಳುವುದೂ ಇಷ್ಟು ವರ್ಷ ಅಕ್ಕನದೇ ಕೆಲಸವಾಗಿತ್ತು.

ಭಾನುವಾರ ಊಟ ಮುಗಿಸಿ, ಎಣ್ಣೆ ಬಿಸಿಯಾಗಲೆಂದು ಗಾಡಿಯನ್ನು ಒಂದು ಸುತ್ತು ಓಡಿಸಿ ತಂದು, ಮನೆ ಮುಂದಿನ ಸಮತಟ್ಟಿನಲ್ಲಿ ನಿಲ್ಲಿಸಿ ಚಕ್ರಗಳಿಗೆ ಕಲ್ಲು ಕೊಟ್ಟಳು. ಗೋಣಿ ಹಾಸಿಕೊಂಡು ಅಡಿಗೆ ನುಸುಳಿದಳು. ಡಬ್ಬಿಗೆ ಎರಡು ಬಿರಡೆ. ಒಂದು ಕೆಳಗೆ, ಎಣ್ಣೆ ಇಳಿಯಲು. ಒಂದು ಮೇಲೆ, ಎಣ್ಣೆ ತುಂಬಲು. ಕೆಳಗಿನದು ಸ್ಪ್ಯಾನರಿಗೆ ಒಂದೇ ಪಟ್ಟಿಗೆ ಬಂತು. ಕೊಳೆತ ಮೊಟ್ಟೆಯ ನಾತದ ಕಪ್ಪು ಎಣ್ಣೆ ತಟ್ಟೆಗೆ ಸುರಿಯಿತು. 'ಇಷ್ಟಕ್ಕೆ ಮೆಕ್ಯಾನಿಕ್ಕು ಬೇಕಿತ್ತಾ' ಎಂದು ಬೀಗಿದಳು.

ಆಮೇಲೆ ಮೇಲಿನ ಬಿರಡೆಗೆ ಕೈಹಾಕಿದಳು. ಅದು ಜಪ್ಪಯ್ಯ ಅನ್ನಲಿಲ್ಲ. ಸ್ಪ್ಯಾನರಿಗೆ ಪೈಪು ತೂರಿಸಿ, ಎರಡೂ ಕಾಲು ಚಕ್ರಕ್ಕೆ ಒತ್ತಿ ಜಗ್ಗಿದಳು. ಸ್ಪ್ಯಾನರು ಜಾರಿ, ಮೂಲೆಗಳು ಸವೆದು ಬಿರಡೆ ಗುಂಡಗಾಯಿತು, ಬೆರಳ ಗೆಣ್ಣು ತರಚಿತು. ಆಗ ನೆನಪಾಯಿತು, ಮೆಕ್ಯಾನಿಕ್ಕು ಅಷ್ಟು ವಿವರಿಸಿದ್ದು ಇದನ್ನೇ: ಮೇಲಿನದು ಬಿಚ್ಚುತ್ತೆ ಅಂತ ಖಾತ್ರಿಯಾಗೋವರೆಗೆ ಕೆಳಗಿನದು ಮುಟ್ಟಬೇಡಿ.

ಈಗ ಹೊಟ್ಟೆ ಬರಿದಾದ ಗಾಡಿ ಒಂದಡಿ ಕದಲುವಂತಿಲ್ಲ. ಬೆಳಗಾದರೆ ಒಂದು ಸಂಸಾರ ಮನೆ ಖಾಲಿ ಮಾಡಿ ಕಾದು ಕೂತಿರುತ್ತದೆ. ಮೆಕ್ಯಾನಿಕ್ಕು ಫೋನು ಎತ್ತಲಿಲ್ಲ. ಅಡಿಯಲ್ಲೇ ಅಂಗಾತ ಮಲಗಿ ಬೀದಿಯಲ್ಲಿ ಹೋಗುವವರ ಕಾಲುಗಳನ್ನು ನೋಡುತ್ತಿದ್ದಳು. ಚಪ್ಪಲಿಗಳು ಬಂದವು, ಹೋದವು. ಒಂದೂ ನಿಲ್ಲಲಿಲ್ಲ. ನಿಂತರೆ ಏನು ಹೇಳಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ಕಣ್ಣಂಚಿನ ನೀರು ಕಿವಿಗೆ ಇಳಿಯಿತು.

ಎದುರಿಗೇ ವೆಲ್ಡರನ ಅಂಗಡಿ, ಮೇಲೆ ಅವನ ಮನೆ. ಆದರೆ ಗಾಡಿ ನಿಲ್ಲಿಸುವ ಜಾಗಕ್ಕೆ ಅವನಿಗೂ ಅಕ್ಕನಿಗೂ ಹಿಂದೊಮ್ಮೆ ಬೀದಿಯೆಲ್ಲ ಸೇರುವ ಹಾಗೆ ಜಗಳವಾಗಿ, ಎರಡು ಮನೆಗೂ ಮಾತು ನಿಂತಿತ್ತು. ಕೂಗಾಡಿದವಳು ಅಕ್ಕ, ಮಾತು ಬಿಟ್ಟವಳು ತಂಗಿ. ಬಾಗಿಲು ತಟ್ಟುವ ಮೊದಲು ಕೈ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

ವೆಲ್ಡರು ಬನಿಯನ್ನಿನಲ್ಲೇ ಬಂದ. ನರೆತ ಹುಬ್ಬಿನ ಮನುಷ್ಯ. ಅವಳ ಮುಖ ನೋಡಿದ, ಕೈ ನೋಡಿದ.

"ಗಾಡಿ... ಮೇಲಿನ ಬಿರಡೆ ಬರ್ತಿಲ್ಲ" ಅಂದಳು.

"ಕೆಳಗಿನದು ಬಿಚ್ಚಿಬಿಟ್ರಾ?"

"ಹೂಂ."

ಅವನು ಉಸಿರು ಬಿಟ್ಟು ಬೀದಿಯ ಆಚೀಚೆ ನೋಡಿದ. "ನಿಮ್ಮಕ್ಕ ಎಲ್ಲಿ?"

"ಮದುವೆಯಾಗಿ ಹೋದಳು."

"ಹಾಗಾದ್ರೆ ಸರಿ. ಬೀದಿ ಇಷ್ಟು ತಣ್ಣಗಾಗಿದೆಯಲ್ಲ, ನನಗೇ ಕಿವಿ ಮಂದ ಆಯ್ತೇನೋ ಅಂತ ಡಾಕ್ಟರಿಗೆ ತೋರಿಸ್ಕೊಂಡು ಬಂದೆ."

ಅವಳಿಗೆ ನಗು ಬಂತು. ಎಷ್ಟೋ ದಿನದ ಮೇಲಿನ ನಗು, ಗಂಟಲಲ್ಲಿ ಕರಕರ ಅಂದಿತು.

ಅವನು ಎಣ್ಣೆ ಜಿಡ್ಡನ್ನೆಲ್ಲ ಒರೆಸಿಸಿ, ಪಕ್ಕದಲ್ಲಿ ಬಕೆಟ್ಟು ಮರಳು ಇಡಿಸಿ, ಗುಂಡಗಾದ ಬಿರಡೆಯ ಮೇಲೆ ದಪ್ಪ ನಟ್ಟೊಂದನ್ನು ಬೆಸೆದ. ಕಾವಿಗೆ ತುಕ್ಕಿನ ಪಟ್ಟು ಸಡಿಲಿತು. ಸ್ಪ್ಯಾನರು ಕೊಟ್ಟು ತಿರುಗಿಸಿದ್ದೇ ಬಿರಡೆ ಕಿರ್ರೆಂದು ಬಂತು. ನಂತರ, ಸವೆದ ಕಬ್ಬಿಣದ ಪುಡಿ ಹಿಡಿಯಲೆಂದು ಕೆಳಗಿನ ಬಿರಡೆಯ ತುದಿಗೆ ಕೂರಿಸಿದ್ದ ಅಯಸ್ಕಾಂತವನ್ನು ಹೆಬ್ಬೆರಳಲ್ಲಿ ಸವರಿದ. ಬೂದು ಹಿಟ್ಟಿನ ನಡುವೆ ಉಗುರಿನಷ್ಟು ಕಬ್ಬಿಣದ ಚೂರು.

"ಒಳಗೆ ಗೇರಿನ ಹಲ್ಲು ಮುಕ್ಕಾಗಿದೆ. ಎಣ್ಣೆ ಹಾಕಿದ ಮಾತ್ರಕ್ಕೆ ಹೊಸ ಹಲ್ಲು ಹುಟ್ಟಲ್ಲಮ್ಮ. ಓಡುತ್ತೆ. ಆದರೆ ಸದ್ದು ಇರುತ್ತೆ."

ಕೆಳಗಿನದನ್ನು ಬಿಗಿದು, ಮೇಲಿನ ತೂತಿನಿಂದ ತುಳುಕುವವರೆಗೆ ಅವಳು ತಂದಿಟ್ಟಿದ್ದ ಹೊಸ ಎಣ್ಣೆಯನ್ನು ಇಬ್ಬರೂ ಸೇರಿ ಕೈಪಂಪಿನಲ್ಲಿ ತುಂಬಿ, ಮೇಲಿನ ಬಿರಡೆಯನ್ನೂ ಬಿಗಿದರು. ಚಹಾ ಮಾಡ್ತೀನಿ ಅಂದರೆ ಅವನು ನಿಲ್ಲಲಿಲ್ಲ. "ಮನೇಲಿ ಕಾಯ್ತಾರೆ" ಅಂದ. ಅವನ ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ಯಾರೋ ಏನೋ ಕೇಳಿದ್ದು, ಅವನು ಉತ್ತರ ಕೊಟ್ಟದ್ದು ಅರೆಬರೆ ಕೇಳಿಸಿತು. ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡಿದಳು. ಸದ್ದು ತೆಳುವಾಗಿತ್ತು, ಹೋಗಿರಲಿಲ್ಲ.

ಸಂಜೆ ಅಕ್ಕನ ಫೋನು ಬಂತು. ಪ್ರತಿಸಲ ಕೇಳುವಂತೆ "ಹೇಗಿದ್ದೀಯೇ?" ಅಂದಳು. ಪ್ರತಿಸಲ ತಂಗಿ 'ಚೆನ್ನಾಗಿದ್ದೀನಿ' ಅನ್ನುತ್ತಿದ್ದಳು.

"ಚೆನ್ನಾಗಿಲ್ಲ ಕಣೆ" ಅಂದುಬಿಟ್ಟಳು. "ಮನೆ ಬಿಕೋ ಅನ್ನುತ್ತೆ."

ಆ ಕಡೆ ಅಕ್ಕ ಸುಮ್ಮನಾದಳು. ಅಕ್ಕ ಸುಮ್ಮನಾದದ್ದನ್ನು ತಂಗಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ನನಗೂ" ಅಂತು ಆ ದನಿ, ಪಿಸುಗುಟ್ಟಿ. "ಒಳ್ಳೇ ಮನುಷ್ಯ, ತೆಗೆದುಹಾಕೋ ಹಾಗಿಲ್ಲ. ಆದ್ರೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರದ ಮುಂದೆ ಕೂತರೆ ಮುಗೀತು. 'ಮಾತಾಡಬೇಡ, ಕೈ ನಡುಗುತ್ತೆ' ಅಂತಾರೆ. ದಿನವಿಡೀ ನಾನು ಬಾಯಿಗೆ ಬೀಗ ಹಾಕ್ಕೊಂಡು ಮುಳ್ಳುಗಳ ಟಿಕಟಿಕ ಕೇಳ್ತಾ ಕೂತಿರ್ತೀನಿ."

"ವಾಪಸ್ ಬರ್ತೀಯಾ?"

"ಇಲ್ವೇ" ಅಂದಳು ಅಕ್ಕ, ಬಹಳ ಮೆಲ್ಲಗೆ. "ಅವರನ್ನ ಹೇಗೆ ಬಿಟ್ಟು ಬರಲಿ?"

"ಬರಬೇಡ. ಸುಮ್ಮನೆ ಕೇಳಿದೆ."

ಫೋನು ಇಡಲು ಇಬ್ಬರಿಗೂ ಮನಸ್ಸಾಗಲಿಲ್ಲ. ಒಬ್ಬರ ಉಸಿರನ್ನು ಒಬ್ಬರು ಕೇಳುತ್ತಾ ನಿಂತರು. ಕೊನೆಗೆ ಆ ಕಡೆ ಗಂಡಸಿನ ದನಿ ಕೆಮ್ಮಿತು. ಅಕ್ಕ "ಸರಿ, ಊಟ ಮಾಡು" ಅಂದಳು.

ತಂಗಿ ಹೊರಗೆ ಬಂದು, ತಟ್ಟೆಯಲ್ಲಿದ್ದ ಕಪ್ಪು ಎಣ್ಣೆಯನ್ನು ಚೆಲ್ಲದ ಹಾಗೆ ಕ್ಯಾನಿಗೆ ಬಗ್ಗಿಸಿದಳು. ಕೊನೆಯ ಹನಿ ಇಳಿಯಲು ಬಹಳ ಹೊತ್ತು ಹಿಡಿಯಿತು. ಅವಳಿಗೂ ಅವಸರವಿರಲಿಲ್ಲ.